ಏಳನೆಯ ಕುಳಿಯ ಬಾವುಟ

ಕಾರ್ತಿಕ ಮಾಸದ ಮೂರನೆಯ ಸೋಮವಾರ, ಬೆಳಗ್ಗೆ ಆರು ಗಂಟೆ ಹದಿನೈದು ನಿಮಿಷ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ದಾರಿಯ ಪಕ್ಕದ ಗುಡ್ಡದ ಮೇಲೆ, ದೊರೆಯ ಗಾಲ್ಫ್ ಮೈದಾನದ ಸಾಮಾನು ಕೊಠಡಿಯ ಮುಂದೆ. ಹಾಜರಿದ್ದವರು ಇಬ್ಬರು: ಮೈದಾನದ ಮೇಸ್ತ್ರಿಯಾದ ನಾನು ಮತ್ತು ರೋಣಗಲ್ಲು ಎಳೆಯುವ ಮುದುಕ. ಹಾಜರಿ ಪುಸ್ತಕದಲ್ಲಿ ಆರು ಆಳುಗಳ ಹೆಸರುಗಳಿದ್ದವು. ಉಳಿದ ಐವರು ಬಂದಿರಲಿಲ್ಲ.

ನಾನು ಎಂದಿನಂತೆ ಕೊಠಡಿಯ ಬಾಗಿಲ ಮುಂದಿನ ಮೆಟ್ಟಿಲಗಲ್ಲಿನ ಮೇಲೆ ನಿಂತು ಆರೂ ಹೆಸರುಗಳನ್ನು ಕೂಗಿದೆ. ಬಾರದವರ ಹೆಸರನ್ನೂ ಕೂಗಿ, ಮೂರು ಎಣಿಸುವಷ್ಟು ಹೊತ್ತು ಕಾದು, ಆಮೇಲೆ ಗೈರುಹಾಜರಿ ಹಾಕುವುದು ನನ್ನ ಕ್ರಮ.

"ಅಯ್ನೋರೆ, ಇನ್ನೊಂದ್ ಹೆಸ್ರು ಬುಟ್ಬುಟ್ರಲ್ಲ," ಎಂದ ಮುದುಕ.

"ಯಾರದು?"

"ಏಳ್ನೇ ಕಣದಾಗಿರೋದು. ಅದೊಂದೇ ದಿನಾ ತಪ್ದಂಗೆ ಬತ್ತಾ ಐತೆ. ಅದ್ಕೂ ಒಂದ್ ಹಾಜರಿ ಹಾಕ್ಬುಡಿ, ಪುಣ್ಯ ಬತ್ತದೆ."

ನಾನು ಪುಸ್ತಕ ಮುಚ್ಚಿದೆ. ಐವರು ಬಾರದಿದ್ದುದಕ್ಕೆ ಕಾರಣ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏಳನೆಯ ಕುಳಿಯಲ್ಲಿ ಮೂರು ವಾರದಿಂದ ದಿನವೂ ಹಾಲು ಸಿಗುತ್ತಿತ್ತು.

ದೊರೆ ಒಂದು ಗಣಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ವಿಲಾಯತಿಗೆ ಮರಳದೆ ಈ ಗುಡ್ಡದ ನಡುವಿನ ಸಮತಟ್ಟಾದ ಹಾಸನ್ನು ಗುತ್ತಿಗೆಗೆ ಪಡೆದು, ಬಂಗಲೆ ಕಟ್ಟಿಸಿ, ಒಂಬತ್ತು ಕುಳಿಗಳ ಮೈದಾನ ಮಾಡಿಸಿಕೊಂಡಿದ್ದರು. ಶನಿವಾರ ಬೆಂಗಳೂರಿನಿಂದ ಮೋಟಾರಿನಲ್ಲಿ ನಾಲ್ಕಾರು ಜನ ಸ್ನೇಹಿತರು ಬಂದು ಆಡಿ ಹೋಗುತ್ತಿದ್ದರು. ಬೇರೆಯವರಿಗೆ ಪ್ರವೇಶವಿರಲಿಲ್ಲ. ವಾರದ ಉಳಿದ ದಿನ ದೊರೆ ಒಬ್ಬರೇ. ಒಬ್ಬರೇ ಆಡಿ ಬೇಸರವಾಗಿ ನನಗೂ ಆಟ ಕಲಿಸಿದರು. ತಮ್ಮ ಹಳೆಯ ನಾಲ್ಕು ಕೋಲುಗಳನ್ನು ನನಗೆ ಕೊಟ್ಟಿದ್ದರು. ದೂರದ ಹೊಡೆತ ನನಗೆ ಕೊನೆಯವರೆಗೂ ಬರಲಿಲ್ಲ. ಕುಳಿಯ ಹತ್ತಿರ ಬಂದ ಮೇಲೆ ಚೆಂಡನ್ನು ಮೆಲ್ಲನೆ ತಳ್ಳುವುದರಲ್ಲಿ ಮಾತ್ರ ಅವರಿಗಿಂತ ಒಂದು ಕೈ ಮೇಲಿದ್ದೆ.

ಇದಕ್ಕೆ ಕಾರಣವಿತ್ತು. ಆ ನೆಲವನ್ನು ಸಿದ್ಧಪಡಿಸುತ್ತಿದ್ದವನೇ ನಾನು. ನಮ್ಮ ಸೀಮೆಯಲ್ಲಿ ಹಸಿರು ಹುಲ್ಲು ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಕುಳಿಯ ಸುತ್ತಲೂ ಐದಾರು ಮಾರು ಅಗಲಕ್ಕೆ ಸೋಸಿದ ಮರಳು ಹರಡಿ, ಎಣ್ಣೆ ಬೆರೆಸಿ, ರೋಣಗಲ್ಲು ಉರುಳಿಸಿ ಗಟ್ಟಿ ಮಾಡುತ್ತಿದ್ದೆವು. ನೋಡಲು ರಾಗಿ ಒಕ್ಕುವ ಕಣದಂತೆಯೇ ಇರುತ್ತಿದ್ದುದರಿಂದ ಆಳುಗಳು ಅದನ್ನು ಕಣ ಎಂದೇ ಕರೆದರು. ಕಣದಲ್ಲಿ ಒಂದು ಸಣ್ಣ ಕುಳಿ, ಕುಳಿಯೊಳಗೆ ತಗಡಿನ ಡಬ್ಬ, ಡಬ್ಬದಲ್ಲಿ ನೆಟ್ಟ ಬಿದಿರ ಕೋಲಿನ ತುದಿಗೆ ಕೆಂಪು ಬಾವುಟ. ಬಾವುಟವಿಲ್ಲದೆ ದೂರದಿಂದ ಹೊಡೆಯುವವನಿಗೆ ಗುರಿ ಕಾಣದು. ಒಂದೇ ಕಡೆ ಕುಳಿಯಿದ್ದರೆ ಸುತ್ತಲ ನೆಲ ಸವೆಯುತ್ತದೆಂದು ಪ್ರತಿ ಸೋಮವಾರ ಹಳೆಯ ಕುಳಿ ಮುಚ್ಚಿ, ಮೂರು ಹೆಜ್ಜೆ ಆಚೆ ಹೊಸದು ತೋಡಿ, ಬಾವುಟವನ್ನು ಅಲ್ಲಿಗೆ ಸರಿಸುತ್ತಿದ್ದೆ.

ನಾನು ಬೆಳೆದದ್ದು ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ. ಏಳುವುದಕ್ಕೆ ಒಂದು ಗಂಟೆ ಬಾರಿಸುತ್ತಿದ್ದರು, ಸ್ನಾನಕ್ಕೆ ಒಂದು, ಪೂಜೆಗೆ ಒಂದು, ದೀಪ ಆರಿಸುವುದಕ್ಕೆ ಒಂದು. ಆ ಗಂಟೆ ಕಿವಿಯಿಂದ ಹೋದ ಮೇಲೂ ಮೈಯಿಂದ ಹೋಗಲಿಲ್ಲ. ದೊರೆ ನನ್ನನ್ನು ಕೆಲಸಕ್ಕಿಟ್ಟುಕೊಂಡದ್ದೂ ಅದಕ್ಕೇ.

ಹಾಲು ಮೊದಲು ಕಂಡದ್ದು ಆಶ್ವಯುಜದ ಕೊನೆಯಲ್ಲಿ. ದೊರೆ ಏಳನೆಯ ಕುಳಿಗೆ ಚೆಂಡು ತಳ್ಳಿ, ಬಗ್ಗಿ ಎತ್ತಿಕೊಂಡರೆ ಬೆರಳೆಲ್ಲ ಅಂಟು, ಚೆಂಡಿನ ತುಂಬ ಕಟ್ಟಿರುವೆ. ಮೂಸಿ ನೋಡಿ ನನಗೆ ಕೊಟ್ಟರು. ಕುರಿಯ ಹಾಲಿನ ವಾಸನೆ. ಯಾರೋ ಚೇಷ್ಟೆ ಮಾಡಿದ್ದಾರೆಂದುಕೊಂಡು ಡಬ್ಬ ತೊಳೆಸಿದೆ. ಮಾರನೆಯ ದಿನವೂ ಹಾಲು. ಸೋಮವಾರ ಕುಳಿ ಸರಿಸಿದೆ. ಮಂಗಳವಾರ ಹೊಸ ಕುಳಿಯಲ್ಲಿ ಹಾಲು. ಮಿಕ್ಕ ಎಂಟರಲ್ಲಿ ಒಂದು ದಿನವೂ ಇಲ್ಲ. ನೀರು ಹೊರುವ ಹೆಂಗಸರು ಮೊದಲು ಕೆಲಸ ಬಿಟ್ಟರು, ಆಮೇಲೆ ಗಂಡಸರು.

ಆ ಕಣದಲ್ಲಿ ಇನ್ನೊಂದು ತೊಂದರೆಯಿತ್ತು. ಅದು ಹಾಲಿಗಿಂತ ಹಳೆಯದು. ಕಣದ ಮೂಡಲ ಅಂಚಿಗೆ ಒಂದು ತಗ್ಗು. ಮರಳು ತುಂಬಿ, ಎಣ್ಣೆ ಹಾಕಿ, ರೋಣಗಲ್ಲು ಹತ್ತು ಸಲ ಉರುಳಿಸಿದರೆ ನೆಲ ಕನ್ನಡಿಯಂತಾಗುತ್ತಿತ್ತು. ತಿಂಗಳೊಳಗೆ ತಗ್ಗು ಮತ್ತೆ ಅಲ್ಲೇ, ಅಷ್ಟೇ ಉದ್ದಕ್ಕೆ. ಬಾವುಟ ಎಲ್ಲಿದ್ದರೂ ಚೆಂಡು ಆ ಕಡೆಗೇ ವಾಲುತ್ತಿತ್ತು. ಎರಡು ವರ್ಷದಲ್ಲಿ ಐದು ಸಲ ಅದನ್ನು ತುಂಬಿಸಿದ್ದೆ. ಐದನ್ನೂ ದಿನಚರಿ ಪುಸ್ತಕದಲ್ಲಿ ಬರೆದಿದ್ದೆ.

ಆ ಸೋಮವಾರ ಆರೂವರೆಗೆ ಮುದುಕನನ್ನು ಕರೆದುಕೊಂಡು ಒಂದನೆಯ ಕುಳಿಯಿಂದ ಹೊರಟೆ. ಆರು ಕುಳಿ ಸರಿಸಿ ಏಳನೆಯದಕ್ಕೆ ಬಂದರೆ ಬಾವುಟದ ಬುಡದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕಂಬಳಿ ಹೊದ್ದಿದ್ದಳು. ಪಕ್ಕದಲ್ಲಿ ಸಣ್ಣ ಹಿತ್ತಾಳೆ ಚೊಂಬು. ನಮ್ಮನ್ನು ಕಂಡು ಓಡಲಿಲ್ಲ, ಏಳಲೂ ಇಲ್ಲ.

ಮುದುಕ ನನ್ನ ಹಿಂದೆ ಸರಿದ. "ಪಾದ ನೋಡಿ ಅಯ್ನೋರೆ, ಪಾದ ಯಾವ್ ಕಡೀಕ್ ಐತೆ ನೋಡಿ," ಎಂದು ಪಿಸುಗುಟ್ಟಿದ.

"ನೆಟ್ಟಗೇ ಐತೆ ಕಣ್ ತಾತ," ಎಂದಳು ಆಕೆ, ಕಾಲು ಮುಂದಕ್ಕೆ ಚಾಚಿ. "ನೆಡ್ದೂ ನೆಡ್ದೂ ಒಡ್ದೋಗೈತೆ ಅಷ್ಟೆ."

ಯಾವ ಊರೆಂದು ಕೇಳಿದೆ. ಪಾವಗಡದ ಕಡೆ, ನಿಡುಗಲ್ಲಿನ ಹತ್ತಿರದ ಹಟ್ಟಿ ಎಂದಳು. ಕುರಿ ಮೇಯಿಸಿಕೊಂಡು ಊರೂರು ತಿರುಗುವ ಮನೆಯವಳು. ಮೂರು ವಾರದಿಂದ ಅವರ ಮಂದೆ ಗುಡ್ಡದ ಕೆಳಗಿನ ಹೊಲಗಳಲ್ಲಿ ಬೀಡುಬಿಟ್ಟಿತ್ತು. ಆ ಸಂಜೆ ಹೊರಟು ಶಿರಾ ದಾರಿ ಹಿಡಿದು ತಾವರೆಕೆರೆಯ ಕಡೆ ಹೋಗುವುದಿತ್ತು.

"ಹಾಲು ಹುಯ್ಯೋಳು ನೀನೇನಮ್ಮ?"

"ನಾನೇ ಸ್ವಾಮಿ. ನಮ್ ಬಿಡ್ಡ ಇಲ್ಲೇ ಅವ್ನೆ. ಮೂರೊರ್ಸದ ಕೂಸು, ಜರ ಬಂದು ಹೋಗ್ಬುಟ್ಟ. ಆವಾಗ ಇಲ್ಲೇ ರೊಪ್ಪ ಹಾಕಿದ್ವಿ. ಇಲ್ಲೇ ಮಣ್ ಮಾಡಿ ಹೋದ್ವಿ. ಆಮೇಲೆ ಎರಡೊರ್ಸ ರಾಯದುರ್ಗದ ಕಡೀಕ್ ಹೋಗಿದ್ವಿ, ಬರಕ್ಕಾಗ್ನಿಲ್ಲ. ಈಗ್ ಬಂದ್ ನೋಡಿದ್ರೆ ರೊಪ್ಪ ಇಲ್ಲ, ಮುಳ್ಳಿಲ್ಲ, ಎಲ್ಲಾ ಸಾಪು. ಇದೊಂದ್ ಬಾವುಟ ಇತ್ತು. ಯಾರೋ ಪುಣ್ಯಾತ್ಮ ನನ್ ಮಗೀಗೆ ಗುರ್ತು ನೆಟ್ಟವ್ನೆ ಅಂದ್ಕಂಡೆ."

ಅವಳು ಕೋಲಿನ ಮೇಲೆ ಕೈಯಿಟ್ಟಳು.

"ಒಂದ್ ಮಾತ್ ಕೇಳಾಕೆ ಅಂತಾನೇ ಇವತ್ತು ಕೂತೆ ಸ್ವಾಮಿ. ವಾರಕ್ಕೊಂದ್ ಸಲ ಈ ಬಾವುಟ ಜಾಗ ಬುಡ್ತದೆ. ನೀವು ಸರಿಸ್ತೀರೋ, ಅವ್ನೇ ಸರೀತಾನೋ? ಅವ್ನೇ ಆದ್ರೆ ಅವಂಗೆ ಸಮಾದಾನ ಇಲ್ಲ ಅಂತ. ಸಮಾದಾನ ಇಲ್ದಂಗೆ ಬುಟ್ಟು ನಾನೆಂಗೆ ಹೋಗ್ಲಿ?"

ಮುದುಕ ನನ್ನ ಬೆನ್ನ ಹಿಂದಿನಿಂದ ಈಚೆ ಬಂದ.

"ನಾನೇ ಸರಿಸೋದಮ್ಮ," ಎಂದೆ. "ಇದು ಆಟದ ಗುರುತು. ಸೋಮವಾರ ಸರಿಸಬೇಕು ಅಂತ ನಿಯಮ. ನಿನ್ನ ಮಗ ಎಲ್ಲೂ ಹೋಗಿಲ್ಲ."

ಅವಳ ಮುಖದಲ್ಲಿ ಮೊದಲು ನಿರಾಳ ಕಂಡಿತು. ಹಿಂದೆಯೇ ಅದು ಹೋಯಿತು.

"ಅಂಗಾದ್ರೆ ಇದು ಅವ್ನ ಗುರ್ತಲ್ಲ. ಅಂಗಾದ್ರೆ ಅವ್ನ್ ಎಲ್ಲವ್ನೆ ಸ್ವಾಮಿ? ನಾವ್ ಒಂದ್ ಚಪ್ಪಡಿ ಮುಚ್ಚಿದ್ವಿ. ನರಿ ಕೆರೀಬಾರ್ದು ಅಂತ ಮೇಲೆ ಮುಳ್ ಹಾಕಿದ್ವಿ. ನಮ್ಮೆಜಮಾನ್ರು ಚಪ್ಪಡಿ ಮೇಲೆ ಎಲ್ಡು ಗೀರು ಕೊಯ್ದಿದ್ರು, ಓರೆಯಾಗಿ. ನಮ್ ಕುರಿ ಕಿವಿಗೆ ಹಾಕೋ ಗುರ್ತು ಅದು. ಎಂದಾದ್ರೂ ನೋಡಿದ್ರಾ?"

ನೋಡಿದ್ದೆ. ಎರಡು ವರ್ಷದಿಂದ ದಿನವೂ ಬೆಳಗ್ಗೆ ಆರೂಕಾಲಿಗೆ ನನ್ನ ಎರಡು ಪಾದಗಳ ನಡುವೆ ಆ ಎರಡು ಗೀರುಗಳನ್ನು ನೋಡುತ್ತಿದ್ದೆ. ಕಲ್ಲುಕುಟಿಗರ ಗುರುತೆಂದು ತಿಳಿದಿದ್ದೆ.

ಮೈದಾನ ಮಾಡುವಾಗ ಅಲ್ಲಿ ಕುರಿ ರೊಪ್ಪದ ಒಣಮುಳ್ಳಿನ ಸುತ್ತು ಇದ್ದದ್ದು ನೆನಪಿದೆ. ಒಳಗೆ ಒಂದು ಕಡೆ ಚಪ್ಪಡಿ, ಅದರ ಮೇಲೆ ಮುಳ್ಳು. ಕುರಿಗಾಹಿಗಳು ಎಳೆಯ ಮರಿಗಳನ್ನು ಗುಂಡಿಯಲ್ಲಿ ಬಿಟ್ಟು ಹಾಗೆ ಮುಚ್ಚುವುದುಂಟು. ಮರಿಗುಂಡಿಯ ಮುಚ್ಚಳವೆಂದುಕೊಂಡೆ. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ ಮಣ್ಣು ಮಾಡುತ್ತೇವೆ, ಗದ್ದುಗೆ ಕಟ್ಟುತ್ತೇವೆ. ಗದ್ದುಗೆಯಾಗಿದ್ದರೆ ದೂರದಿಂದಲೇ ಗುರುತಿಸಿ ಕೈಮುಗಿಯುತ್ತಿದ್ದೆ, ಕಣವನ್ನೇ ಬೇರೆ ಕಡೆ ಮಾಡಿಸುತ್ತಿದ್ದೆ. ಅದು ಗದ್ದುಗೆಯಂತಿರಲಿಲ್ಲ. ಮುಳ್ಳಿಗೆ ಬೆಂಕಿ ಹಾಕಿಸಿದೆ. ಕಲ್ಲು ಚಪ್ಪಟೆಯಾಗಿ ಚೆನ್ನಾಗಿದೆಯೆಂದು ಕೊಠಡಿಯ ಬಾಗಿಲಿಗೆ ತರಿಸಿದೆ.

"ವಿಚಾರಿಸೋಣ ಇರಮ್ಮ," ಎಂದಷ್ಟೇ ಹೇಳಿದೆ. ಹೇಳಿದ್ದು ನನಗೇ ಕೇಳಿಸಿತು. ಸುಳ್ಳಲ್ಲ, ನಿಜವೂ ಅಲ್ಲ. ಅವಳು ಸಂಜೆ ಹೊರಟುಹೋಗುತ್ತಾಳೆ. ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ತಿಳಿಯುವುದಿಲ್ಲ. ಕಲ್ಲು ಮೆಟ್ಟಿಲಾಗಿಯೇ ಇರುತ್ತದೆ. ಅವಳು ಮಾತ್ರ ಮಗ ಎಲ್ಲಿದ್ದಾನೆಂದು ತಿಳಿಯದೆ ಊರೂರು ನಡೆಯುತ್ತಾಳೆ.

ಏಳನೆಯ ಕುಳಿಯನ್ನು ಸರಿಸದೆ ಎಂಟು, ಒಂಬತ್ತು ಮುಗಿಸಿದೆ. ಸೋಮವಾರದ ಕೆಲಸವನ್ನು ಬಿಟ್ಟದ್ದು ಅದೇ ಮೊದಲು.

ಎಂಟೂವರೆಗೆ ದೊರೆ ಬಂದರು. ಕೊಠಡಿಯೊಳಗಿಂದ ಕೋಲುಗಳನ್ನು ತರಲು ಹೋದಾಗ ಮೆಟ್ಟಿಲನ್ನು ದಾಟಿ ಕಾಲಿಟ್ಟೆ. ಮುದುಕ ನೋಡಿದ. ಅವನಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಆ ಕಲ್ಲು ಹೊತ್ತು ತಂದವರಲ್ಲಿ ಅವನೂ ಒಬ್ಬ.

"ಇವತ್ತು ಎಲ್ಲವೂ ತಯಾರು?" ಎಂದರು ದೊರೆ. ಗಣಿಯ ಆಳುಗಳಿಂದ ಕಲಿತ ಕನ್ನಡ ಅವರದು.

"ಏಳನೆಯದು ಸರಿಸಿಲ್ಲ ದೊರೆ. ಆಳು ಕಡಿಮೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿ ಮುಂದೆ ನಡೆದರು.

ಆ ದಿನದಷ್ಟು ಕೆಟ್ಟದಾಗಿ ನಾನು ಎಂದೂ ಆಡಿಲ್ಲ. ತಲೆ ಎತ್ತಬಾರದು, ಮನಸ್ಸಿನಲ್ಲೇ ಒಂದು ಎರಡು ಎಣಿಸಿ ಹೊಡೆಯಬೇಕು ಎಂದು ಅವರು ಕಲಿಸಿದ್ದರು. ಎಣಿಸಲು ಹೋದರೆ ಎರಡು ಗೀರುಗಳೇ ಕಣ್ಣಿಗೆ ಬರುತ್ತಿದ್ದವು. ಮೂರನೆಯದರಲ್ಲಿ ಚೆಂಡು ಬಂಡೆಗೆ ಬಡಿದು ಹಿಂದಕ್ಕೆ ಬಂತು. ಐದನೆಯದರಲ್ಲಿ ಕಳ್ಳಿ ಪೊದೆಗೆ ಹೋಯಿತು. ಉತ್ತರಕ್ಕೆ ಮಧುಗಿರಿ ಬೆಟ್ಟದ ಬೋಳು ಬಂಡೆಯ ಮೇಲೆ ಬಿಸಿಲು ಏರುತ್ತಿತ್ತು. ಕಾರ್ತಿಕ ಸೋಮವಾರದ ಉಪವಾಸ ಬೇರೆ. ಬಾಯಿ ಒಣಗಿತ್ತು.

ಏಳನೆಯ ಕಣ ಕಂಡಾಗ ಅವಳು ಬಾವುಟದ ಹತ್ತಿರವಿರಲಿಲ್ಲ. ನಲವತ್ತು ಹೆಜ್ಜೆ ಆಚೆ, ಬಂಡೆಯ ನೆರಳಿನಲ್ಲಿ ಕೂತಿದ್ದಳು. ಚೆಂಡು ಹಾರಿ ಬರುವುದನ್ನು, ನಾವು ಅದರ ಹಿಂದೆ ನಡೆದು ಬರುವುದನ್ನು ನೋಡುತ್ತಿದ್ದಳು. ತನ್ನ ಮಗನ ನೆತ್ತಿಯ ಮೇಲೆ ಇಬ್ಬರು ಗಂಡಸರು ಕೋಲು ಹಿಡಿದು ಓಡಾಡುವುದನ್ನು ಅವಳು ಏನೆಂದು ತಿಳಿದಳೋ ನಾನು ಎಂದೂ ಕೇಳಲಿಲ್ಲ.

ದೊರೆ ತಳ್ಳಿದರು. ಚೆಂಡು ಕುಳಿಯ ಕಡೆ ಹೊರಟು, ನಡುವೆ ಮನಸ್ಸು ಬದಲಾಯಿಸಿದಂತೆ ಮೂಡಲಿಗೆ ವಾಲಿ, ತಗ್ಗಿಗೆ ಇಳಿದು ನಿಂತಿತು. ನಾನು ತಳ್ಳಿದೆ. ನನ್ನದೂ ಅಲ್ಲಿಗೇ ಹೋಗಿ ಅವರ ಚೆಂಡಿನ ಪಕ್ಕ ನಿಂತಿತು. ಎರಡು ಬಿಳಿ ಚೆಂಡುಗಳು ಆ ತಗ್ಗಿನಲ್ಲಿ ಒಟ್ಟಿಗಿದ್ದವು.

"ಈ ನೆಲ ನಮ್ಮ ಮಾತು ಕೇಳೋದಿಲ್ಲ ಮೇಸ್ತ್ರಿ," ಎಂದರು ದೊರೆ.

ಆಗ ನನಗೆ ತಗ್ಗಿನ ಆಕಾರ ಕಂಡಿತು. ಐದು ಸಲ ಅಳೆದು ತುಂಬಿಸಿದ್ದೆ, ಒಂದು ಸಲವೂ ನೋಡಿರಲಿಲ್ಲ. ಅಗೆದು ಮುಚ್ಚಿದ ಮಣ್ಣು ಮಳೆ ಬಂದಂತೆಲ್ಲ ಕುಸಿಯುತ್ತದೆ. ಇದು ಯಾವ ರೈತನಿಗೂ ಗೊತ್ತು. ನನಗೂ ಗೊತ್ತಿತ್ತು.

ಕೋಲು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಹೆಂಗಸು, ಹಾಲು, ಚಪ್ಪಡಿ, ಮುಳ್ಳು ಸುಡಿಸಿದ್ದು, ಮೆಟ್ಟಿಲು, ಬೆಳಗ್ಗೆ ಆಳು ಕಡಿಮೆಯೆಂದು ಹೇಳಿದ ಸುಳ್ಳು. ನಿಂತು ವರದಿ ಒಪ್ಪಿಸುವಂತೆ ಕ್ರಮವಾಗಿ ಹೇಳಿದೆ. ಬೇರೆ ರೀತಿ ನನಗೆ ಬರುತ್ತಿರಲಿಲ್ಲ.

ದೊರೆ ಬಗ್ಗಿ ಎರಡೂ ಚೆಂಡುಗಳನ್ನು ತಗ್ಗಿನಿಂದ ಎತ್ತಿಕೊಂಡರು. ಬಂಡೆಯ ಕಡೆ ನೋಡಿ ಟೋಪಿ ತೆಗೆದರು. ಆಮೇಲೆ ನನಗೆ ಹೇಳಿದರು: "ನೀನು ತೆಗೆದೆ. ನೀನು ಇಡು. ಇವತ್ತೇ. ಶನಿವಾರದಿಂದ ಎಂಟು ಕುಳಿ ಆಟ." ಅಷ್ಟೇ. ಎಂಟನೆಯದಕ್ಕೆ ಒಬ್ಬರೇ ನಡೆದುಹೋದರು. ಅವರ ಹೊಡೆತದ ಸದ್ದು ಆಮೇಲೆ ಎರಡು ಸಲ ಕೇಳಿಸಿತು.

ಮಧ್ಯಾಹ್ನ ಮೂರಕ್ಕೆ ನಾನೂ ಮುದುಕನೂ ಹಾರೆ ಹಾಕಿ ಮೆಟ್ಟಿಲಗಲ್ಲನ್ನು ಎಬ್ಬಿಸಿದೆವು. ಹಗ್ಗ ಬಿಗಿದು ಬೊಂಬಿನಲ್ಲಿ ಅಡ್ಡೆ ಕಟ್ಟಿ ಇಬ್ಬರೂ ಹೆಗಲು ಕೊಟ್ಟೆವು.

"ಅಯ್ನೋರ್ ಹೆಗಲು ಹೊಸ್ದು. ನೋಡ್ಕಳಿ, ಸಿಪ್ಪೆ ಎದ್ದಾತು," ಎಂದ ಮುದುಕ. ಸ್ವಲ್ಪ ದೂರ ನಡೆದ ಮೇಲೆ, "ನಾನೂ ಹೊತ್ತಿದ್ದೆ ಇದ್ನ. ನಂಗೂ ತಿಳೀನಿಲ್ಲ ಕಣ್ರಿ," ಎಂದ.

ಕಲ್ಲನ್ನು ಅವಳ ಮುಂದೆ ಇಳಿಸಿದೆವು. ಅವಳು ಗೀರುಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಬೆರಳಾಡಿಸಿದಳು. "ನಮ್ದೇ," ಎಂದಳು. ಗೀರಿನ ಒಂದು ಕಡೆ ಅಂಚು ಸವೆದು ನುಣ್ಣಗಾಗಿತ್ತು. ಅಲ್ಲಿ ಬೆರಳು ನಿಲ್ಲಿಸಿ ನನ್ನ ಕಡೆ ನೋಡಿದಳು.

"ನಮ್ಮ ಕೊಠಡಿ ಬಾಗಿಲಲ್ಲಿತ್ತು," ಎಂದೆ. "ದಿನಾ ಬೆಳಗ್ಗೆ ಇದರ ಮೇಲೆ ನಿಂತು ಆಳುಗಳ ಹೆಸರು ಕೂಗುತ್ತಿದ್ದೆ. ತಿಳಿಯದೆ ಮಾಡಿದ್ದು. ತಪ್ಪು ನನ್ನದೇ."

ಅವಳು ಬಯ್ಯುತ್ತಾಳೆಂದು ಕಾದೆ. ಶಾಪ ಹಾಕಿದರೂ ತೆಗೆದುಕೊಳ್ಳಲು ಸಿದ್ಧನಿದ್ದೆ.

"ದಿನಾ ಕೂಗ್ತಿದ್ರಾ?" ಎಂದಳು. "ಅವ್ನ ಹೆಸ್ರೊಂದ ಕೂಗ್ನಿಲ್ಲ ನೀವು. ಕೇಳಿಸ್ಕಂಡು ಕಾಯ್ತಿದ್ದನೇನೋ."

ತಗ್ಗನ್ನು ತೋರಿಸಿದೆ. ಅವಳು ಮೊಣಕಾಲೂರಿ ಕೂತು, ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಸಲ ಇಟ್ಟು ಅಳೆದಳು. ಮಗ ಇದ್ದದ್ದು ಅಷ್ಟೇ, ಎರಡು ಮೊಳ. ತಗ್ಗು ಅದಕ್ಕಿಂತ ಅರ್ಧ ಮೊಳ ಉದ್ದವಿತ್ತು. ಆ ಉದ್ದವನ್ನು ನಾನು ಮೊದಲೇ ಅಳೆದಿದ್ದೆ. ಗುಂಡಿಯನ್ನು ಸ್ವಲ್ಪ ದೊಡ್ಡದಾಗಿಯೇ ತೋಡಿರುತ್ತಾರೆ ಎಂದು ಹೇಳಲು ಬಾಯಿ ತೆರೆದೆ.

ಅವಳು ಉಳಿದ ಅರ್ಧ ಮೊಳದ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು.

"ಬೆಳ್ದವ್ನೆ," ಎಂದಳು.

ಮುದುಕ ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ನಾನು ಹೇಳಬೇಕೆಂದಿದ್ದನ್ನು ಹೇಳಲಿಲ್ಲ. ಇಂದಿಗೂ ಆ ಅರ್ಧ ಮೊಳಕ್ಕೆ ನನ್ನ ಲೆಕ್ಕ ಒಂದು, ಅವಳದು ಒಂದು. ಆ ಮೈದಾನ ಈಗಿಲ್ಲ; ಆ ದೊರೆ, ಆ ಮುದುಕ ಇಬ್ಬರೂ ಇಲ್ಲ. ಬೇಗ ಎಚ್ಚರವಾದ ಬೆಳಗುಗಳಲ್ಲಿ ನನಗೆ ಅವಳ ಲೆಕ್ಕವೇ ಸರಿಯೆನಿಸುತ್ತದೆ.

ಚಪ್ಪಡಿ ಇಟ್ಟೆವು. ಮುದುಕ ಹೋಗಿ ಜಾಲಿ ಮುಳ್ಳು ಕಡಿದು ತಂದ. ಅವಳು ಚೊಂಬಿನಲ್ಲಿ ಉಳಿದಿದ್ದ ಹಾಲನ್ನು ಎರಡು ಗೀರುಗಳ ಮೇಲೆ ಹುಯ್ದಳು. ಅದು ಗೀರಿನುದ್ದಕ್ಕೂ ಹರಿದು ನೆಲಕ್ಕಿಳಿಯಿತು. ನಾನು ಕುಳಿಯಿಂದ ಬಾವುಟ ಕಿತ್ತು, ಕೋಲನ್ನು ಹೆಗಲಿಗೆ ಒರಗಿಸಿಕೊಂಡು, ಡಬ್ಬ ತೆಗೆಯಲು ಬಗ್ಗಿದೆ.

"ಬಾವುಟ ಮಾತ್ರ ಇರ್ಲಿ ಸ್ವಾಮಿ," ಎಂದಳು. "ಶಿರಾ ದಾರಿ ಏರಿನಾಗೆ ನಿಂತ್ರೆ ಕಾಣ್ತದೆ. ನಿನ್ನೆ ಕುರಿ ಅಟ್ಕಂಡು ಹೋದಾಗ ನೋಡಿದ್ದೀನಿ. ಇನ್ಮ್ಯಾಕೆ ಜಾಗ ಬುಡಲ್ಲ ತಾನೆ?"

"ಬಿಡಲ್ಲಮ್ಮ."

ಕಲ್ಲಿನ ತಲೆಯ ಕಡೆ ಹಾರೆಯಿಂದ ಆಳವಾಗಿ ತೂತು ಮಾಡಿ, ಕೋಲು ನೆಟ್ಟು, ಸುತ್ತ ಮಣ್ಣು ಗಿಡಿದು ಭದ್ರ ಮಾಡಿದೆ. ಅವಳು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಹೊರಡುವ ಮುಂಚೆ ನನ್ನ ಹತ್ತಿರ ಬಂದು ಮಗನ ಹೆಸರು ಹೇಳಿದಳು. ಒಂದೇ ಸಲ, ಮೆಲ್ಲಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಖಾಲಿ ಚೊಂಬು ಹಿಡಿದು ಗುಡ್ಡ ಇಳಿದಳು. ಕೆಳಗೆ ಮಂದೆ ಆಗಲೇ ಎದ್ದಿತ್ತು. ಧೂಳು ಪಡುವಲಿಗೆ ಹೊರಟಿತ್ತು.

ಸಂಜೆ ಐದೂವರೆಗೆ ಇನ್ನೊಂದು ಹಾಜರಿ. ಸಾಮಾನುಗಳನ್ನು ಎಣಿಸಿ ಒಳಗಿಟ್ಟು ಬಾಗಿಲಲ್ಲಿ ನಿಂತೆ. ಮೆಟ್ಟಿಲಿರಲಿಲ್ಲ, ಬರಿಯ ಮಣ್ಣು. ಪುಸ್ತಕ ತೆರೆದು ಆರು ಹೆಸರು ಕೂಗಿದೆ. ಐದಕ್ಕೆ ಎಂದಿನಂತೆ ಮೂರು ಎಣಿಸಿ ಕಾದೆ. ಮುದುಕ ತನ್ನ ಹೆಸರಿಗೆ "ಇವ್ನಿ" ಎಂದ. ಆಮೇಲೆ ಏಳನೆಯ ಹೆಸರು ಕೂಗಿದೆ. ಇಬ್ಬರೂ ಏಳನೆಯ ಕಣದ ಕಡೆ ತಿರುಗಿ ನಿಂತಿದ್ದೆವು. ಅದಕ್ಕೆ ಮಾತ್ರ ಮೂರಕ್ಕಿಂತ ಹೆಚ್ಚು ಎಣಿಸಿದೆ. ಹಾಜರಿ ಹಾಕಲಿಲ್ಲ, ಗೈರುಹಾಜರಿಯನ್ನೂ ಹಾಕಲಿಲ್ಲ.

ಪುಸ್ತಕವನ್ನು ಒಳಗೆ ಅದರ ಗೂಡಿನಲ್ಲಿಟ್ಟು ಹೊರಬಂದೆ. ಅಭ್ಯಾಸಬಲದಿಂದ ಕಾಲು ಕಲ್ಲನ್ನು ಹುಡುಕಿತು, ಸಿಗದೆ ಗೇಣುದ್ದ ಕೆಳಗೆ ಬಿತ್ತು. ತಿರುಗಿ ಬಾಗಿಲು ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಮೊಳೆಗೆ ತಗುಲಿಹಾಕಿದೆ.